ಈ ಇಂಗಾಲ ಎಲ್ಲಿಂದ ಬಂತು?

ಗೋಡೆಯ ಬಿಳಿ ಬಣ್ಣದಲ್ಲಿರುವ ಟೈಟಾನಿಯಮ್ ಡೈಆಕ್ಸೈಡ್ ಒಂದು ಅರೆವಾಹಕ. ಇಂಥ ಅರೆವಾಹಕಗಳ ಪುಡಿಯನ್ನು ನೀರಿನಲ್ಲಿ ಕದಡಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಬೆಳಕು ಬೀರಿದರೆ ಫಾರ್ಮಿಕ್ ಆಮ್ಲ, ಮೆಥನಾಲ್ ಮುಂತಾದವು ದೊರೆಯುತ್ತವೆಂದು 1979ರಲ್ಲಿ ಜಪಾನಿನ ಇನೂಯೆ, ಫುಜಿಶಿಮಾ, ಹೋಂಡಾ ಮೊದಲಾದವರು ವರದಿ ಮಾಡಿದರು. ಹೊಗೆಯ ಅನಿಲದಿಂದಲೇ ಇಂಧನ! ಆದರೂ ಇಳುವರಿ ಇಂದಿಗೂ ಅತ್ಯಲ್ಪ. ಏಕೆ?

ಬೆಳಕು ಬಿದ್ದೊಡನೆ ಪುಡಿಯ ಕಣದಲ್ಲಿ ಒಂದು ಎಲೆಕ್ಟ್ರಾನ್ ಮೇಲಿನ ಶಕ್ತಿಪಟ್ಟಿಗೆ ನೆಗೆಯುತ್ತದೆ. ಅದು ಬಿಟ್ಟ ಜಾಗದಲ್ಲಿ ‘ರಂಧ್ರ’ ಉಳಿಯುತ್ತದೆ. ಎಲೆಕ್ಟ್ರಾನ್ ಇಂಗಾಲದ ಡೈಆಕ್ಸೈಡನ್ನು ಅಪಕರ್ಷಿಸಬೇಕು, ರಂಧ್ರ ನೀರಿನಿಂದ ಆಕ್ಸಿಜನ್ ಬಿಡಿಸಬೇಕು. ಆದರೆ ಹೆಚ್ಚಿನ ಜೋಡಿಗಳು ಮೇಲ್ಮೈ ತಲಪುವ ಮೊದಲೇ ಮತ್ತೆ ಕೂಡಿ, ಶಕ್ತಿ ಶಾಖವಾಗಿ ಪೋಲಾಗುತ್ತದೆ. ಇಂಗಾಲದ ಡೈಆಕ್ಸೈಡ್ ಕೂಡ ಬಲು ಹಟಮಾರಿ. ಅದಕ್ಕೆ ಒಂಟಿ ಎಲೆಕ್ಟ್ರಾನ್ ಸೇರಿಸಲು ಸುಮಾರು -1.9 ವೋಲ್ಟ್ ವಿಭವ ಬೇಕು. ಟೈಟಾನಿಯಮ್ ಡೈಆಕ್ಸೈಡಿನ ಎಲೆಕ್ಟ್ರಾನಿಗೆ ಇರುವುದು ಸುಮಾರು -0.5 ವೋಲ್ಟ್ ಮಾತ್ರ. ಹಲವು ಎಲೆಕ್ಟ್ರಾನ್‌ಗಳು ಪ್ರೋಟಾನ್‌ಗಳ ಜೊತೆಗೂಡಿ ಬಂದರೆ ದಾರಿ ಸುಗಮ. ಆದರೆ ಮೀಥೇನ್ ಆಗಲು ಎಂಟು ಬೇಕು! ಅಷ್ಟರಲ್ಲಿ ಪ್ರೋಟಾನ್‌ಗಳೇ ಅವನ್ನು ಕಬಳಿಸಿ ಹೈಡ್ರೊಜನ್ ಆಗಿಬಿಡಬಹುದು.

ಹಾಗಾಗಿ ಎಲೆಕ್ಟ್ರಾನ್‌ಗಳನ್ನು ಹಿಡಿದಿಡಲು ಪುಡಿಯ ಮೇಲೆ ತಾಮ್ರ, ಪ್ಲಾಟಿನಮ್‌ಗಳ ಸೂಕ್ಷ್ಮ ಕಣಗಳನ್ನು ಕೂರಿಸುತ್ತಾರೆ, ಇಲ್ಲವೇ ಎರಡು ಅರೆವಾಹಕಗಳನ್ನು ಬೆಸೆದು ಎಲೆಕ್ಟ್ರಾನ್–ರಂಧ್ರಗಳನ್ನು ಬೇರೆಬೇರೆ ಕಡೆಗೆ ಸೆಳೆಯುತ್ತಾರೆ. ಬಣ್ಣದ ತೊಡಕೂ ಇದೆ. ಟೈಟಾನಿಯಮ್ ಡೈಆಕ್ಸೈಡ್ ಹೀರುವುದು ಬಿಸಿಲಿನಲ್ಲಿ ಶೇಕಡಾ ಐದರಷ್ಟೇ ಇರುವ ನೇರಳಾತೀತ ಕಿರಣಗಳನ್ನು. ಹಳದಿ ಬಣ್ಣದ ಕಾರ್ಬನ್ ನೈಟ್ರೈಡ್ ನೀಲಿ ಬೆಳಕನ್ನೂ ಹೀರುತ್ತದೆ. ಆದರೆ ಪಟ್ಟಿಗಳ ಅಂತರ ಕಿರಿದಾದಷ್ಟೂ ಎಲೆಕ್ಟ್ರಾನ್–ರಂಧ್ರಗಳ ಒಟ್ಟು ಕಸುವೂ ಕುಗ್ಗುತ್ತದೆ.

ಇವೆಲ್ಲಕ್ಕಿಂತ ಮುಜುಗರದ ಪ್ರಶ್ನೆ ಇನ್ನೊಂದಿದೆ. ಪುಡಿ ತಯಾರಿಸುವಾಗ ಬಳಸಿದ ದ್ರಾವಕ, ಗಾಳಿಯ ಕೊಳೆ, ಇವುಗಳ ಇಂಗಾಲ ಪುಡಿಗೆ ಅಂಟಿಕೊಂಡಿರುತ್ತದೆ. ಸಿಕ್ಕ ಉತ್ಪನ್ನ ಅದರದೇ ಆಗಿದ್ದರೆ? 2010ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತಾಮ್ರ ಸೇರಿಸಿದ ಟೈಟಾನಿಯಮ್ ಡೈಆಕ್ಸೈಡಿಗೆ ಇಂಗಾಲ-13 ಸಮಸ್ಥಾನಿಯುಳ್ಳ ಡೈಆಕ್ಸೈಡ್ ಕೊಟ್ಟು ನೋಡಿದರು. ಹೊರಬಂದ ಕಾರ್ಬನ್ ಮಾನಾಕ್ಸೈಡಿನಲ್ಲಿ ಹೆಚ್ಚಾಗಿ ಇದ್ದದ್ದು ಸಾಮಾನ್ಯ ಇಂಗಾಲ-12! ಪುಡಿಯ ಮೇಲಿನ ಕೊಳೆಯೂ ಕ್ರಿಯೆಯಲ್ಲಿ ಭಾಗವಹಿಸಿತ್ತು.

ಆದ್ದರಿಂದ ಹೊಸ ಕ್ರಿಯಾವರ್ಧಕದ ವರದಿ ಓದುವಾಗ ಇಳುವರಿಯ ಅಂಕಿಗಿಂತ ಮೊದಲು ಇವನ್ನು ಹುಡುಕಿ: ಕತ್ತಲಲ್ಲಿ ಪ್ರಯೋಗ ಮಾಡಿದ್ದರೇ? ಇಂಗಾಲದ ಡೈಆಕ್ಸೈಡ್ ಬದಲು ಆರ್ಗಾನ್ ಹಾಯಿಸಿ ನೋಡಿದ್ದರೇ? ಇಂಗಾಲ-13 ಬಳಸಿದಾಗ ಮೀಥೇನಿನ ಅಣುತೂಕ 16ರ ಬದಲು 17 ಬಂತೇ? ಕೆಲಸ ನೀರಿನಿಂದಲೇ ನಡೆದಿದ್ದರೆ ಪ್ರತಿ ಮೀಥೇನ್ ಅಣುವಿಗೆ ಎರಡು ಆಕ್ಸಿಜನ್ ಅಣುಗಳೂ ಲೆಕ್ಕಕ್ಕೆ ಸಿಗಬೇಕು.