ಗೋಪುರದ ನೆತ್ತಿಗೆ 12 ಮಿಲಿಮೀಟರ್

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದೀರಿ. ಮಸುಕುಗಾಜಿನ ಮೇಲೆ ಗಡಿಯಾರದ ಗೋಪುರ ತಲೆಕೆಳಗಾಗಿ ಮೂಡಿದೆ. ಅದರ ನೆತ್ತಿ ಮಾತ್ರ ಗಾಜಿನ ಕೆಳ ಅಂಚಿನಾಚೆ ಜಾರಿಹೋಗಿದೆ. ಕ್ಯಾಮೆರಾವನ್ನೇ ಮೇಲಕ್ಕೆ ವಾಲಿಸಿದರೆ ನೆತ್ತಿ ಸಿಗುತ್ತದೆ, ಆದರೆ ಗೋಡೆಗಳು ಒಂದರತ್ತ ಒಂದು ಬಾಗುತ್ತವೆ. 4×5 ಇಂಚಿನ ಫಿಲ್ಮ್ ಹಾಳೆ ಬಳಸುವವರು ಹಾಗೆ ಮಾಡುವುದಿಲ್ಲ. ಫಿಲ್ಮನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸುತ್ತಾರೆ. ಯಾವ ಕಂಪನಿಯ ಲೆನ್ಸ್ ಒಳ್ಳೆಯದು ಎಂದು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇದೇ.

ಜರ್ಮನಿಯ ಶ್ನೈಡರ್, ರೋಡನ್‌ಸ್ಟಾಕ್, ಜಪಾನಿನ ನಿಕಾನ್, ಫ್ಯೂಜಿ: ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಈ ನಾಲ್ವರದೇ ರಾಜ್ಯಭಾರ. ಸಿಮ್ಮಾರ್, ಸಿರೋನಾರ್, ನಿಕ್ಕೋರ್, ಫ್ಯೂಜಿನಾನ್ ಎಂದು ಹೆಸರು ಬೇರೆ ಬೇರೆ. ಮಾಮೂಲಿ ಲೆನ್ಸುಗಳ ಒಳಗಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ, ನಾಲ್ಕು ಗುಂಪುಗಳಲ್ಲಿ ಆರು ಗಾಜುಗಳ ಪ್ಲಾಸ್ಮಾಟ್. ಇದರಲ್ಲಿ ಗಾಳಿಗೆ ತೆರೆದ ಮೈ ಎಂಟು. ಲೇಪನವಿಲ್ಲದಿದ್ದರೆ ಪ್ರತಿ ಮೈಯೂ ನೂರಕ್ಕೆ ಸುಮಾರು 4 ಪಾಲು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಎಂಟನ್ನೂ ದಾಟುವಷ್ಟರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಸೋರಿ, ಅದರಲ್ಲೊಂದಿಷ್ಟು ಚಿತ್ರದ ಕಪ್ಪನ್ನು ಬೂದುಬಣ್ಣವಾಗಿಸುತ್ತದೆ. 1892ರ ಡಾಗರ್ ಲೆನ್ಸಿನಲ್ಲಿ ಗಾಜುಗಳನ್ನು ಮೂರು ಮೂರಾಗಿ ಅಂಟಿಸಿದ್ದರಿಂದ ಅಂಥ ಮೈ ನಾಲ್ಕೇ. ಹಳಬರಿಗೆ ಅದರ ಮೇಲೆ ಅಷ್ಟು ಪ್ರೀತಿ ಸುಮ್ಮನೆ ಬಂದದ್ದಲ್ಲ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಪ್ರತಿಫಲನ ತಡೆಯುವ ಲೇಪನ ರೂಪಿಸಿದ ಮೇಲೆ ಪ್ಲಾಸ್ಮಾಟ್‌ನ ದಾರಿ ಸುಗಮವಾಯಿತು.

ಚೂಪಿನ ವಿಷಯದಲ್ಲಿ ಈ ನಾಲ್ವರನ್ನು ಸರಿಸಮ ಮಾಡುವುದು ಬೆಳಕೇ. ಸಾಕಷ್ಟು ಆಳದವರೆಗೆ ಸ್ಪಷ್ಟತೆ ಬೇಕೆಂದು ದೊಡ್ಡ ಫಿಲ್ಮಿನವರು ಲೆನ್ಸಿನ ಕಿಂಡಿಯನ್ನು ಎಫ್-22, ಎಫ್-32ರಷ್ಟು ಕಿರಿದು ಮಾಡಿಯೇ ಚಿತ್ರ ತೆಗೆಯುತ್ತಾರೆ. ಕಿರಿದಾದ ಕಿಂಡಿಯಲ್ಲಿ ನುಸುಳಿದ ಬೆಳಕು ಅಗಲಕ್ಕೆ ಹರಡುತ್ತದೆ, ಇದು ವಿವರ್ತನೆ. ಎಫ್-22ರಲ್ಲಿ ಎಷ್ಟೇ ನಿಖರ ಲೆನ್ಸ್ ಆದರೂ ಚುಕ್ಕೆಯೊಂದನ್ನು ಸುಮಾರು 0.03 ಮಿಲಿಮೀಟರ್ ಅಗಲದ ತಟ್ಟೆಯಾಗಿಯೇ ಮೂಡಿಸಬಲ್ಲದು. ಅದರಿಂದ ನಷ್ಟವೇನಿಲ್ಲ. 16×20 ಇಂಚಿನ ಚಿತ್ರಕ್ಕೆ ಈ ಫಿಲ್ಮನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಸಾಕು, 35 ಮಿಲಿಮೀಟರ್ ಫಿಲ್ಮಿಗಾದರೆ ಸುಮಾರು 17 ಪಟ್ಟು ಬೇಕು.

ಕಂಪನಿಗಳ ನಡುವೆ ನಿಜವಾದ ವ್ಯತ್ಯಾಸ ಕಾಣುವುದು ಬಿಂಬವೃತ್ತದಲ್ಲಿ, ಅಂದರೆ ಲೆನ್ಸ್ ಹಿಂದಕ್ಕೆ ಚೆಲ್ಲುವ ಚಿತ್ರದ ದುಂಡು ಹರಹಿನಲ್ಲಿ. ಎಫ್-22ರಲ್ಲಿ 150 ಮಿಲಿಮೀಟರ್ ನಿಕ್ಕೋರ್-ಡಬ್ಲ್ಯುದು 210 ಮಿಲಿಮೀಟರ್. ಅದೇ ಸಂಗಮದೂರದ ಅಪೋ-ಸಿರೋನಾರ್-ಎಸ್‌ದು 231. ಫಿಲ್ಮನ್ನು ಉದ್ದುದ್ದ ನಿಲ್ಲಿಸಿದರೆ ಮೊದಲನೆಯದನ್ನು ಸುಮಾರು 33 ಮಿಲಿಮೀಟರ್ ಏರಿಸಬಹುದು, ಎರಡನೆಯದನ್ನು 45. ಆ 12 ಮಿಲಿಮೀಟರ್ ಎಂದರೆ 30 ಮೀಟರ್ ದೂರದ ಗೋಪುರದಲ್ಲಿ 2.4 ಮೀಟರ್. ಗೋಪುರ 22 ಮೀಟರ್ ಎತ್ತರದ್ದಾದರೆ ಒಂದರಲ್ಲಿ ನೆತ್ತಿ ಕತ್ತರಿಸಿಹೋಗುತ್ತದೆ, ಇನ್ನೊಂದರಲ್ಲಿ ಆಕಾಶದ ಒಂದು ಪಟ್ಟಿಯೊಡನೆ ಉಳಿಯುತ್ತದೆ. ಬೆಟ್ಟ ಹತ್ತುವವರ ಲೆಕ್ಕ ಬೇರೆ: 300 ಮಿಲಿಮೀಟರಿನ ನಿಕ್ಕೋರ್-ಎಂ ಬರೀ 290 ಗ್ರಾಂ.

ನಿಕಾನ್ 2006ರಲ್ಲಿ ಈ ಲೆನ್ಸುಗಳಿಗೆ ವಿದಾಯ ಹೇಳಿತು. ಈಗ ಸಿಗುವುದು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಮಾಲು, ಕೆಲವು ನಲವತ್ತು ವರ್ಷ ದಾಟಿದವು. ಹಾಗಾಗಿ ಕೊಳ್ಳುವ ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನಲ್ಲಿ ಮಬ್ಬು, ಬೂಷ್ಟು ಇದೆಯೇ ನೋಡಿ. ಆಮೇಲೆ ಶಟರನ್ನು 1 ಸೆಕೆಂಡಿಗೆ ಇಟ್ಟು, ಗುಂಡಿಯೊತ್ತಿ, ಕಿವಿಗೊಡಿ. ಒಳಗಿನ ಹಲ್ಲುಚಕ್ರಗಳ ಝರ್ರೆನ್ನುವ ಸದ್ದು ಎಲ್ಲೂ ತಡವರಿಸದೆ ಟಕ್ಕೆಂದು ಮುಗಿಯಬೇಕು.