ತೊಳೆ ಬಿಡಿಸಿದ ದ್ವೀಪ

ವಿಮಾನ ಇಳಿಯುವ ಹೊತ್ತಾದರೆ ನೌರುವಿನ ಏಕೈಕ ಹೆದ್ದಾರಿಯಲ್ಲಿ ವಾಹನಗಳು ನಿಲ್ಲಬೇಕು. ರನ್‌ವೇಗೂ ರಸ್ತೆಗೂ ಅಷ್ಟು ನೆರೆಹೊರೆ. ಸ್ಕೂಟರಿನವರು ಕಾಲೂರಿ ನಿಲ್ಲುತ್ತಾರೆ, ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತ ಹುಡುಗರು ಕತ್ತೆತ್ತಿ ನೋಡುತ್ತಾರೆ, ಬ್ರಿಸ್ಬೇನಿನಿಂದ ಬಂದ ಬೋಯಿಂಗು ಎರಡು ಕಿಲೋಮೀಟರಿಗಿಂತ ತುಸು ಉದ್ದದ ಡಾಂಬರಿನ ಮೇಲೆ ಗಡಗಡಿಸಿ ನಿಲ್ಲುತ್ತದೆ. ಪಾರ್ಲಿಮೆಂಟು, ಸರ್ಕಾರಿ ಕಚೇರಿಗಳು ಎಲ್ಲವೂ ಆ ಆಸುಪಾಸಿನಲ್ಲೇ, ಯಾರೆನ್ ಎಂಬ ಜಿಲ್ಲೆಯಲ್ಲಿ. ಭೂಪಟದ ಪುಸ್ತಕಗಳು ಯಾರೆನ್ನನ್ನು ರಾಜಧಾನಿ ಎಂದು ಬರೆದರೂ ಈ ದೇಶಕ್ಕೆ ಅಧಿಕೃತ ರಾಜಧಾನಿ ಇಲ್ಲ. ಬೇಕೂ ಇಲ್ಲ. ಒಟ್ಟು 21 ಚದರ ಕಿಲೋಮೀಟರಿನ ನಾಡಿನಲ್ಲಿ ಯಾವ ಊರಿನಿಂದ ಯಾವ ಊರಿಗೆ ಹೋಗಿ ಅರ್ಜಿ ಕೊಡುವುದು?

ವ್ಯಾಟಿಕನ್, ಮೊನಾಕೊ ಬಿಟ್ಟರೆ ಇದಕ್ಕಿಂತ ಪುಟ್ಟ ದೇಶವಿಲ್ಲ. ಭೂಮಧ್ಯರೇಖೆಯಿಂದ ಅರ್ಧ ಡಿಗ್ರಿ ಕೆಳಗೆ, ಶಾಂತ ಸಾಗರದ ನಡುನೀರಿನಲ್ಲಿ ಕೂತಿದೆ. ಹತ್ತಿರದ ನೆರೆಯೆಂದರೆ ಕಿರಿಬಾಸ್ ದೇಶದ ಬನಾಬಾ, ಅದೂ ಸುಮಾರು 300 ಕಿಲೋಮೀಟರು ಪೂರ್ವಕ್ಕೆ. ನೌರುವಿನ ಧ್ವಜ ನೋಡಿದರೆ ವಿಳಾಸವೇ ಸಿಕ್ಕಿಬಿಡುತ್ತದೆ: ನೀಲಿಯ ನಡುವೆ ಹಾದ ಹಳದಿ ಗೆರೆ ಭೂಮಧ್ಯರೇಖೆ, ಅದರ ಅಡಿಯಲ್ಲಿ ಒಂದು ಬಿಳಿ ನಕ್ಷತ್ರ. ನಕ್ಷತ್ರದ ಹನ್ನೆರಡು ಮೊನೆಗಳು ಹನ್ನೆರಡು ಮೂಲ ಕುಲಗಳ ಗುರುತು. ಜನ ಹನ್ನೆರಡು ಸಾವಿರದಷ್ಟು.

ದ್ವೀಪವನ್ನು ಸುತ್ತುವ ರಸ್ತೆ 19 ಕಿಲೋಮೀಟರು. ಅವಸರವಿಲ್ಲದೆ ಹೋದರೂ ಅರ್ಧ ತಾಸಿನಲ್ಲಿ ಹೊರಟಲ್ಲಿಗೇ ಬರುತ್ತೀರಿ. ಒಂದು ಮಗ್ಗುಲಿಗೆ ಹವಳದ ದಿಬ್ಬ, ಅದರಾಚೆ ಇದ್ದಕ್ಕಿದ್ದಂತೆ ಕಡುನೀಲಿಯಾಗುವ ಆಳ. ಇನ್ನೊಂದು ಮಗ್ಗುಲಿಗೆ ತೆಂಗು, ಕೇದಿಗೆಯ ಜಾತಿಯ ಪಂಡಾನಸ್, ತಗಡಿನ ಮಾಡಿನ ಮನೆಗಳು, ತುಕ್ಕು ಹಿಡಿದು ಬಳ್ಳಿಗೆ ಆಹಾರವಾದ ಕಾರುಗಳು. ವಾಸಯೋಗ್ಯ ನೆಲವೆಂದರೆ ಹೆಚ್ಚುಕಡಿಮೆ ಈ ಪಟ್ಟಿಯಷ್ಟೇ. ಅದರ ಅಗಲ ಕೆಲವೆಡೆ ನೂರೈವತ್ತು ಮೀಟರು, ಕೆಲವೆಡೆ ಮುನ್ನೂರು. ಪಟ್ಟಿಯ ಹಿಂದೆ ಸುಣ್ಣಕಲ್ಲಿನ ಕಡಿದಾದ ಏರು. ಅದರ ಮೇಲಿನದನ್ನು ನೌರು ಜನ ‘ಟಾಪ್‌ಸೈಡ್’ ಎನ್ನುತ್ತಾರೆ.

ಪಶ್ಚಿಮಕ್ಕೆ ಐವೊ ಜಿಲ್ಲೆಯಲ್ಲಿ ಸಮುದ್ರದತ್ತ ಚಾಚಿದ ಎರಡು ದೈತ್ಯ ಕಬ್ಬಿಣದ ತೋಳುಗಳಿವೆ. ಕ್ಯಾಂಟಿಲಿವರ್ ಎಂದೇ ಕರೆಯುವ ಈ ತೋಳುಗಳ ಮೂಲಕ ನೂರು ವರ್ಷದ ಸಮೀಪ ದ್ವೀಪದ ಹೊಟ್ಟೆಯೊಳಗಿನದು ಹಡಗಿಗೆ ಸುರಿಯಿತು. ಪಕ್ಕದ ಡೆನಿಗೊಮೊಡುವಿನಲ್ಲಿ ‘ಲೊಕೇಷನ್’ ಎಂಬ ವಸತಿ ಸಾಲು. ಕಿರಿಬಾಸ್, ಟುವಾಲು, ಚೀನಾಗಳಿಂದ ಗಣಿ ಕೂಲಿಗೆ ಬಂದವರಿಗೆ ಕಂಪನಿ ಕಟ್ಟಿಸಿದ ವಠಾರ. ಗಣಿ ಸೊರಗಿದ ಮೇಲೂ ವಠಾರ ಖಾಲಿಯಾಗಿಲ್ಲ. ಒಗೆದ ಬಟ್ಟೆಗಳು ಮಹಡಿ ಮಹಡಿಯಲ್ಲೂ ತೂಗುತ್ತವೆ.

ಟಾಪ್‌ಸೈಡಿಗೆ ಹತ್ತಿದವರಿಗೆ ಮಾತು ಹೊರಡುವುದು ಕಷ್ಟ. ಕಣ್ಣು ಹಾಯುವಷ್ಟೂ ಬೂದು ಬಣ್ಣದ ಸುಣ್ಣಕಲ್ಲಿನ ಕಂಬಗಳು. ಕೆಲವು ಆಳೆತ್ತರ, ಕೆಲವು ನಾಲ್ಕೈದು ಆಳೆತ್ತರ. ಅವುಗಳ ನಡುವೆ ಕಾಲಿಡಲು ಜಾಗವಿಲ್ಲದ ಹೊಂಡಗಳು. ಹಲಸಿನ ಹಣ್ಣಿನ ತೊಳೆಯನ್ನೆಲ್ಲ ಬಿಡಿಸಿಕೊಂಡು ಬರೀ ರೆಚ್ಚೆಯನ್ನು ಬಿಟ್ಟುಹೋದ ಹಾಗೆ. ಈ ಕಂಬಗಳ ಸಂದಿಯಲ್ಲಿ ತುಂಬಿದ್ದದ್ದೇ ಫಾಸ್ಫೇಟ್, ಲಕ್ಷಾಂತರ ವರ್ಷಗಳಲ್ಲಿ ಕೂಡಿಬಂದ ಗೊಬ್ಬರದ ನಿಕ್ಷೇಪ. ಅದನ್ನು ಕೆರೆದು ತೆಗೆದ ಮೇಲೆ ಉಳಿದದ್ದು ಹವಳದ ಅಸ್ಥಿಪಂಜರ. ದ್ವೀಪದ ಐದರಲ್ಲಿ ನಾಲ್ಕು ಪಾಲು ಹೀಗಿದೆ. ಬಿಸಿಲಿಗೆ ಕಾದ ಈ ಕಲ್ಲುಗಳ ಮೇಲೆ ಉಳಲಾಗದು, ಮನೆ ಕಟ್ಟಲಾಗದು, ನೆಟ್ಟಗೆ ನಡೆಯಲೂ ಆಗದು.

ಇದೆಲ್ಲ ಶುರುವಾದದ್ದು ಒಂದು ಬಾಗಿಲಿನಿಂದ. 1896ರಲ್ಲಿ ನೌರುವಿಗೆ ಬಂದಿದ್ದ ಹಡಗಿನ ಅಧಿಕಾರಿ ಹೆನ್ರಿ ಡೆನ್ಸನ್ ವಿಚಿತ್ರವಾಗಿ ಕಂಡ ಕಲ್ಲೊಂದನ್ನು ಎತ್ತಿಕೊಂಡು ಹೋದ. ಕಲ್ಲಾದ ಮರದ ತುಂಡೇನೋ ಎಂದುಕೊಂಡಿದ್ದನಂತೆ. ಅದು ಸಿಡ್ನಿಯ ಕಂಪನಿ ಕಚೇರಿಯಲ್ಲಿ ಬಾಗಿಲು ಬಡಿದುಕೊಳ್ಳದಂತೆ ತಡೆಯುವ ಕೆಲಸಕ್ಕೆ ಬಿತ್ತು. 1899ರಲ್ಲಿ ಅದೇ ಕಚೇರಿಯ ಆಲ್ಬರ್ಟ್ ಎಲ್ಲಿಸ್ ಎಂಬ ಯುವಕನಿಗೆ ಬಾಗಿಲ ಬುಡದ ಕಲ್ಲಿನ ಮೇಲೆ ಅನುಮಾನ ಬಂತು. ಪರೀಕ್ಷಿಸಿದರೆ ಉತ್ಕೃಷ್ಟ ದರ್ಜೆಯ ಫಾಸ್ಫೇಟ್. ಆಗ ನೌರು ಜರ್ಮನಿಯ ಕೈಯಲ್ಲಿತ್ತು. ಬ್ರಿಟಿಷ್ ಕಂಪನಿ ಜರ್ಮನರೊಂದಿಗೆ ವ್ಯವಹಾರ ಕುದುರಿಸಿತು. ನೆಲದ ಒಡೆಯರನ್ನು ಕೇಳುವ ಗೊಡವೆಗೆ ಯಾರೂ ಹೋಗಲಿಲ್ಲ. 1907ರಿಂದ ಹಡಗು ತುಂಬತೊಡಗಿತು.

ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ 1919ರಲ್ಲಿ ದ್ವೀಪದ ಫಾಸ್ಫೇಟನ್ನು ಪಾಲು ಹಾಕಿಕೊಂಡವು: ಮೊದಲಿಬ್ಬರಿಗೆ ನೂರಕ್ಕೆ ತಲಾ 42, ಮೂರನೆಯವರಿಗೆ 16. ಮಾರುಕಟ್ಟೆಯ ದರಕ್ಕಿಂತ ಬಹಳ ಅಗ್ಗವಾಗಿ ಈ ಗೊಬ್ಬರ ಅವರ ಗದ್ದೆಗಳಿಗೆ ಹೋಯಿತು. ಆಸ್ಟ್ರೇಲಿಯಾದ ಗೋಧಿ ಹೊಲ, ನ್ಯೂಜಿಲೆಂಡಿನ ಹುಲ್ಲುಗಾವಲು ಹಸಿರಾದದ್ದರಲ್ಲಿ ಈ ದ್ವೀಪದ ಪಾಲು ದೊಡ್ಡದು. ನೆಲದವರಿಗೆ ಮೊದಮೊದಲು ಸಿಕ್ಕಿದ್ದು ಟನ್ನಿಗೆ ಅರ್ಧ ಪೆನ್ನಿ.

ಜನರ ಸಂಖ್ಯೆಯೂ ಆಗ ಬೆರಳೆಣಿಕೆಯದಾಗಿತ್ತು. 1920ರ ಇನ್‌ಫ್ಲುಯೆಂಜಾ ದೊಡ್ಡ ಪಾಲನ್ನು ಒಯ್ದಿತ್ತು. ಕುಲ ಉಳಿಯಬೇಕಾದರೆ ಕನಿಷ್ಠ 1500 ಮಂದಿಯಾದರೂ ಇರಬೇಕೆಂದು ಲೆಕ್ಕ ಹಾಕಿ ಕಾದರು. 1932ರ ಅಕ್ಟೋಬರ್ 26ರಂದು ಆ ಸಂಖ್ಯೆ ತುಂಬಿಸಿದ ಹೆಣ್ಣುಮಗು ಹುಟ್ಟಿತು. ಆ ದಿನ ಇವತ್ತಿಗೂ ‘ಅಂಗಮ್’ ಹಬ್ಬ. ಹತ್ತು ವರ್ಷಕ್ಕೆ ಜಪಾನೀಯರು ಬಂದರು. ಈಗ ವಿಮಾನ ಇಳಿಯುವ ಪಟ್ಟಿಯನ್ನು ಮೊದಲು ಕಡಿಸಿದ್ದು ಅವರೇ, ಬಲವಂತದ ದುಡಿಮೆಯಿಂದ. 1943ರಲ್ಲಿ 1200 ನೌರು ಜನರನ್ನು ‘ಟ್ರಕ್’ ಎಂಬ ದ್ವೀಪಗಳಿಗೆ ಸಾಗಿಸಿದರು. 1946ರ ಜನವರಿ 31ರಂದು ಮರಳಿದವರು 737 ಮಂದಿ. ಅದೇ ತಾರೀಖನ್ನು ಆಯ್ದು 1968ರಲ್ಲಿ ನೌರು ಸ್ವತಂತ್ರವಾಯಿತು. ಯುದ್ಧಕಾಲದ ಜಪಾನಿ ತೋಪುಗಳು ದ್ವೀಪದ ಅತಿ ಎತ್ತರದ ಜಾಗವಾದ ಕಮಾಂಡ್ ರಿಡ್ಜಿನಲ್ಲಿ ಇನ್ನೂ ಆಕಾಶಕ್ಕೆ ಮೂತಿ ಮಾಡಿ ನಿಂತಿವೆ. ಎತ್ತರ ಎಂದರೆ ಎಪ್ಪತ್ತು ಮೀಟರಿನ ಆಸುಪಾಸು.

ಸ್ವಾತಂತ್ರ್ಯಕ್ಕೆ ಮುನ್ನ ಆಸ್ಟ್ರೇಲಿಯಾ ಒಂದು ಉಪಾಯ ಹೂಡಿತ್ತು: ಹೇಗೂ ನೆಲ ಮುಗಿಯುತ್ತದೆ, ಎಲ್ಲರೂ ಕ್ವೀನ್ಸ್‌ಲೆಂಡಿನ ಕರ್ಟಿಸ್ ದ್ವೀಪಕ್ಕೆ ಬಂದುಬಿಡಿ. ಮುಖಂಡ ಹ್ಯಾಮರ್ ಡಿರೊಬರ್ಟ್ ಮತ್ತು ಸಂಗಡಿಗರು 1964ರಲ್ಲಿ ಒಲ್ಲೆವೆಂದರು. ಆಸ್ಟ್ರೇಲಿಯನ್ನರಾಗಿ ಕರಗಿಹೋಗಲು ಅವರಿಗೆ ಮನಸ್ಸಿರಲಿಲ್ಲ. 1970ರಲ್ಲಿ ಗಣಿ ಕಂಪನಿಯನ್ನು ದುಡ್ಡು ಕೊಟ್ಟು ಕೊಂಡರು. ತಮ್ಮದೇ ನೆಲವನ್ನು ತಾವೇ ಕೊಳ್ಳುವುದು!

ಅಲ್ಲಿಂದ ಮುಂದಿನದು ಎಲ್ಲರೂ ಚಪ್ಪರಿಸಿ ಹೇಳುವ ಕಥೆ. ಎಪ್ಪತ್ತರ ದಶಕದಲ್ಲಿ ತಲಾ ಆದಾಯದಲ್ಲಿ ನೌರು ಜಗತ್ತಿನ ಮುಂಚೂಣಿಯಲ್ಲಿತ್ತು. ಆದಾಯ ತೆರಿಗೆ ಇಲ್ಲ, ಆಸ್ಪತ್ರೆ ಉಚಿತ, ಶಾಲೆ ಉಚಿತ. ಹತ್ತಾರು ದೂರದ ಊರುಗಳಿಗೆ ಹಾರುವ ಸ್ವಂತ ಏರ್ ನೌರು. 1977ರಲ್ಲಿ ಮೆಲ್ಬೋರ್ನಿನಲ್ಲಿ 52 ಅಂತಸ್ತಿನ ನೌರು ಹೌಸ್ ಎದ್ದಿತು. ಫಾಸ್ಫೇಟ್ ಹಕ್ಕಿಹಿಕ್ಕೆಯಿಂದ ಬಂದದ್ದೆಂದು ಅಲ್ಲಿನ ಕುಹಕಿಗಳು ಅದನ್ನು ಹಕ್ಕಿಹಿಕ್ಕೆಯ ಗೋಪುರ ಎಂದರು. 1993ರಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಮೇಲೆ ಲಂಡನ್ನಿನಲ್ಲಿ ಒಂದು ಸಂಗೀತ ನಾಟಕಕ್ಕೆ ಹಣ ಹಾಕಿದರು. ಕೆಲವೇ ವಾರದಲ್ಲಿ ತೆರೆ ಬಿತ್ತು. ಒಂದು ಕಾಲಕ್ಕೆ ನೂರು ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿದ್ದ ರಾಯಧನ ನಿಧಿ ತೂತು ಮಡಕೆಯಾಯಿತು. ಹೊಸ ಶತಮಾನ ಬರುವಷ್ಟರಲ್ಲಿ ಮೇಲ್ಪದರದ ಫಾಸ್ಫೇಟೂ ಮುಗಿದಿತ್ತು. 2004ರಲ್ಲಿ ನೌರು ಹೌಸ್ ಹೋಯಿತು, 2005ರ ಕೊನೆಗೆ ಸಾಲಕೊಟ್ಟವರು ಉಳಿದಿದ್ದ ಒಂದೇ ವಿಮಾನವನ್ನೂ ಜಪ್ತಿ ಮಾಡಿದರು. ಸುತ್ತ ನೀರು, ಹೊರಹೋಗಲು ರೆಕ್ಕೆ ಇಲ್ಲ.

ಈ ಕಥೆಯನ್ನು ಮೈಗಳ್ಳನ ನೀತಿಕಥೆಯಂತೆ ಹೇಳುವವರ ಬಗ್ಗೆ ನನ್ನ ತಕರಾರಿದೆ. ದುಂದು ನಿಜ, ಮೋಸಹೋದದ್ದು ನಿಜ, ಬಂಡವಾಳ ಹಾಕಿಸಿದ ಹೊರಗಿನ ಸಲಹೆಗಾರರು ಕೊಬ್ಬಿದ್ದೂ ನಿಜ. ಆದರೆ ಸ್ವಾತಂತ್ರ್ಯದ ಹೊತ್ತಿಗೇ ದ್ವೀಪದ ಮೂರನೇ ಒಂದು ಭಾಗ ಬರಿದಾಗಿತ್ತು, ಅದರ ಲಾಭ ಎಲ್ಲಿ ಹೋಯಿತೆಂಬುದಕ್ಕೆ ಯಾರೂ ನಾಟಕ ಕಟ್ಟಲಿಲ್ಲ. ನೌರು ತಾನೇ ಲೆಕ್ಕ ಕೇಳಿತು. ಶ್ರೀಲಂಕಾದ ನ್ಯಾಯವೇತ್ತ ಸಿ.ಜಿ. ವೀರಮಂತ್ರಿ ನೇತೃತ್ವದ ಆಯೋಗ ಹಳೆಯ ಕಾಗದಗಳನ್ನು ಕೆದಕಿತು. 1989ರಲ್ಲಿ ಪ್ರಕರಣ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1993ರಲ್ಲಿ ಆಸ್ಟ್ರೇಲಿಯಾ 10.7 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಕಂಬಗಳು ಕಂಬಗಳಾಗಿಯೇ ಉಳಿದವು.

ಮಣ್ಣು ಮುಗಿದ ಮೇಲೆ ಮಾರಲು ಏನಿತ್ತು? ಒಂದು ದೇಶ ಎಂಬ ಹೆಸರಿತ್ತು. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಪರವಾನಗಿ ಮಾರಿದರು. ಒಂದೇ ಅಂಚೆ ಪೆಟ್ಟಿಗೆಯ ವಿಳಾಸದಲ್ಲಿ ನೂರಾರು ಬ್ಯಾಂಕುಗಳು ಹುಟ್ಟಿದವು, ರಷ್ಯಾದ ಕಳ್ಳ ಹಣ ಹಾದುಹೋಯಿತು, 2000ದಲ್ಲಿ ದೇಶ ಕಪ್ಪುಪಟ್ಟಿಗೆ ಬಿತ್ತು. ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿಯಿದೆ, ಅದಕ್ಕೂ ಬೆಲೆಯಿದೆ. ತೈವಾನಿನ ಜೊತೆಗಿದ್ದವರು 2002ರಲ್ಲಿ ಚೀನಾ ಕಡೆ ಹೊರಳಿದರು, 2005ರಲ್ಲಿ ತೈವಾನಿಗೆ ಮರಳಿದರು, 2024ರ ಜನವರಿಯಲ್ಲಿ ಮತ್ತೆ ಚೀನಾ. ನಡುವೆ 2009ರಲ್ಲಿ ಅಬ್ಖಾಜಿಯಾ, ದಕ್ಷಿಣ ಒಸೆಟಿಯಾಗಳಿಗೆ ಮಾನ್ಯತೆ.

ಎಲ್ಲಕ್ಕಿಂತ ಗಟ್ಟಿಯಾಗಿ ಕುದುರಿದ್ದು ಜಾಗದ ಬಾಡಿಗೆ. 2001ರಲ್ಲಿ ಟಾಂಪಾ ಎಂಬ ನಾರ್ವೆ ಹಡಗು ಸಮುದ್ರದಿಂದೆತ್ತಿದ ನಿರಾಶ್ರಿತರನ್ನು ಆಸ್ಟ್ರೇಲಿಯಾ ತನ್ನ ದಡಕ್ಕೆ ಬಿಟ್ಟುಕೊಳ್ಳದೆ ನೌರುವಿಗೆ ಕಳಿಸಿತು. ಶಿಬಿರ 2008ರಲ್ಲಿ ಮುಚ್ಚಿ 2012ರಲ್ಲಿ ಮತ್ತೆ ತೆರೆಯಿತು. ಟಾಪ್‌ಸೈಡಿನ ಕಲ್ಲುಗಳ ನಡುವೆ ಸಮತಟ್ಟು ಮಾಡಿ, ಬಿಳಿ ಡೇರೆ ಹೂಡಿ, ಆಫ್ಘಾನಿಸ್ತಾನ, ಇರಾನ್, ಶ್ರೀಲಂಕಾಗಳಿಂದ ಓಡಿಬಂದವರನ್ನು ವರ್ಷಗಟ್ಟಲೆ ಕೂರಿಸಿದರು. ಮಕ್ಕಳೂ ಇದ್ದರು. ಅಡುಗೆ, ಕಾವಲು, ಗುಡಿಸುವಿಕೆ ಎಂದು ದ್ವೀಪದವರಿಗೆ ಕೆಲಸ. ಸರ್ಕಾರಕ್ಕೆ ವೀಸಾ ಶುಲ್ಕ. ಫಾಸ್ಫೇಟ್ ಕಾಲದ ನಂತರ ಬೊಕ್ಕಸ ತುಂಬಿಸಿದ್ದರಲ್ಲಿ ಇದೇ ದೊಡ್ಡದು. 2025ರ ಹೊಸ ಒಪ್ಪಂದದಲ್ಲಿ, ಆಸ್ಟ್ರೇಲಿಯಾ ತನಗೆ ಬೇಡವಾದ ವಿದೇಶಿಯರನ್ನು ಇಟ್ಟುಕೊಳ್ಳಲು ನೌರುವಿಗೆ ಮೊದಲ ಕಂತಾಗಿ ಸುಮಾರು 40 ಕೋಟಿ ಡಾಲರ್ ಕೊಡಲು ಒಪ್ಪಿದೆ. ಎಂದೋ ಅಗೆದು ಬಿಸಾಡಿದ ಜಾಗಕ್ಕೆ ಈಗ ಬೆಲೆ ಕಟ್ಟುತ್ತಿರುವುದೂ ಅಗೆದವರೇ.

ಇಷ್ಟರ ನಡುವೆ ತಲೆ ಎತ್ತಿ ನಡೆಯಬಹುದಾದ ಒಂದು ವ್ಯಾಪಾರವಿದೆ: ಮೀನು. ನೆಲ 21 ಚದರ ಕಿಲೋಮೀಟರಾದರೂ ನೌರುವಿನ ಹಕ್ಕಿನ ಸಮುದ್ರ ಮೂರು ಲಕ್ಷ ಚದರ ಕಿಲೋಮೀಟರ್ ಮೀರುತ್ತದೆ, ಟ್ಯೂನಾ ಅಲ್ಲಿ ಹಿಂಡಾಗಿ ಹಾಯುತ್ತದೆ. ಒಬ್ಬೊಬ್ಬರಾಗಿ ಚೌಕಾಸಿ ಮಾಡಿದರೆ ದೊಡ್ಡ ದೇಶಗಳ ಹಡಗುಗಳು ಚಿಲ್ಲರೆ ಎಸೆದು ಹೋಗುತ್ತವೆಂದು ಅರಿತ ಶಾಂತಸಾಗರದ ದೇಶಗಳು 1982ರಲ್ಲಿ ಒಟ್ಟಾದವು. ಆ ಒಪ್ಪಂದಕ್ಕೆ ನೌರುವಿನದೇ ಹೆಸರು. ಈಗ ಅವು ಹಡಗುಗಳಿಗೆ ದಿನದ ಲೆಕ್ಕದಲ್ಲಿ ಮೀನುಗಾರಿಕೆ ಮಾರುತ್ತವೆ. ದಿನಕ್ಕೆ ತಳದರ 8000 ಅಮೆರಿಕನ್ ಡಾಲರ್. ಗಣಿಯ ಕಾಲದಲ್ಲಿ ಯಾರಾದರೂ ಹೀಗೆ ಕೈಕೈ ಹಿಡಿದಿದ್ದರೆ ಎಂದು ಅನಿಸದೆ ಇರದು.

ಒಳನಾಡಿನಲ್ಲಿ ಗಣಿಯ ಹಲ್ಲಿಗೆ ಸಿಗದ ಒಂದು ಹಸಿರು ಕುಳಿಯಿದೆ, ಬುವಾಡಾ. ನಡುವೆ ಮಾಸಲು ಬಣ್ಣದ ಉಪ್ಪುಸವುಳು ಕೆರೆ, ಸುತ್ತ ಬಾಳೆ, ತೆಂಗು, ಮನೆಗಳು. ಹಿಂದೆ ಜನ ಕಡಲ ದಿಬ್ಬದಿಂದ ‘ಇಬಿಯಾ’ ಎಂಬ ಹಾಲುಮೀನಿನ ಮರಿ ಹಿಡಿದು ತಂದು ಈ ಕೆರೆಯಲ್ಲಿ ಬೆಳೆಸುತ್ತಿದ್ದರು. ಮನೆಮನೆಗೂ ಕೆರೆಯಲ್ಲಿ ಪಾಲಿತ್ತು. ಅರವತ್ತರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾ ಆ ಸಾಕಣೆಯನ್ನು ಕೆಡಿಸಿತು. ಹಕ್ಕಿ ಹಿಡಿಯುವುದು ಮಾತ್ರ ಉಳಿದಿದೆ. ಸಂಜೆ ಗೂಡಿಗೆ ಮರಳುವ ‘ನೋಡಿ’ ಎಂಬ ಹಕ್ಕಿಗಳನ್ನು ಗಂಡಸರು ಟಾಪ್‌ಸೈಡಿನಲ್ಲಿ ಕಾಯುತ್ತಾರೆ. ಧ್ವನಿವರ್ಧಕದಲ್ಲಿ ಹಕ್ಕಿಯ ಕೂಗನ್ನೇ ಹಚ್ಚಿ ಕರೆದು, ಉದ್ದ ಕೋಲಿನ ಬಲೆ ಬೀಸುತ್ತಾರೆ. ಅಂದು ರಾತ್ರಿ ಯಾರದಾದರೂ ಅಂಗಳದಲ್ಲಿ ಕೆಂಡ, ನಗು, ಬಿಯರು. ಉಳಿದ ದಿನ ಹಡಗಿನಲ್ಲಿ ಬಂದ ಅಕ್ಕಿ, ಡಬ್ಬದ ಮಾಂಸ, ಸಕ್ಕರೆ ನೀರು. ಎಪ್ಪತ್ತರ ದಶಕದ ಮಧ್ಯದಲ್ಲೇ ವೈದ್ಯರು ಇಲ್ಲಿನ ಸಕ್ಕರೆ ಕಾಯಿಲೆಯ ಪ್ರಮಾಣ ಕಂಡು ಬೆಚ್ಚಿದ್ದರು.

ಆ ಹಡಗು ಬರುವುದೂ ಸಲೀಸಲ್ಲ. ಸಹಜ ಬಂದರಿಲ್ಲ, ದಿಬ್ಬದಾಚೆ ಕಡಲು ಕೂಡಲೇ ಆಳವಾಗುವುದರಿಂದ ಹಡಗು ತೇಲುಬುರುಡೆಗೆ ಕಟ್ಟಿಕೊಂಡು ತೊನೆಯುತ್ತ ನಿಲ್ಲಬೇಕು, ಸರಕನ್ನು ದೋಣಿಗಳಿಗೆ ಇಳಿಸಬೇಕು. ಗಾಳಿ ಪಶ್ಚಿಮದಿಂದ ಬೀಸತೊಡಗಿದರೆ ಅಂಗಡಿ ಖಾಲಿ. ಇದಕ್ಕಾಗಿಯೇ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಐವೊದಲ್ಲಿ ಹೊಸ ಹಡಗುಕಟ್ಟೆಯ ಕೆಲಸ ಹಿಡಿದರು. ನದಿ ಇಲ್ಲ, ಮಾಡಿನ ಮಳೆನೀರು ಇಲ್ಲವೇ ಉಪ್ಪು ತೆಗೆದ ಸಮುದ್ರದ ನೀರು. ಅದನ್ನು ಸೋಸಲು ಬೇಕಾದ ವಿದ್ಯುತ್ತಿಗೆ ಬಹುಪಾಲು ಆಮದು ಡೀಸೆಲ್ಲೇ ಗತಿ. ಸ್ವಂತ ಹಣವಿಲ್ಲ, ಆಸ್ಟ್ರೇಲಿಯನ್ ಡಾಲರೇ ಚಲಾವಣೆ. ದೇಶದ ಬ್ಯಾಂಕು ಮುಳುಗಿ ಜನ ದುಡ್ಡನ್ನು ಮನೆಯಲ್ಲೇ ಕಟ್ಟಿಟ್ಟುಕೊಂಡ ವರ್ಷಗಳಿದ್ದವು. ಆಸ್ಟ್ರೇಲಿಯಾ ಜೊತೆಗಿನ 2024ರ ಡಿಸೆಂಬರಿನ ಒಪ್ಪಂದದ ಪ್ರಕಾರ ಭದ್ರತೆ, ಬ್ಯಾಂಕು, ದೂರಸಂಪರ್ಕದ ವಿಷಯದಲ್ಲಿ ಬೇರೆಯವರೊಂದಿಗೆ ಕೈಜೋಡಿಸುವ ಮುನ್ನ ಆಸ್ಟ್ರೇಲಿಯಾದ ಒಪ್ಪಿಗೆ ಬೇಕು.

2025ರಿಂದ ಪೌರತ್ವವೂ ಮಾರಾಟಕ್ಕಿದೆ, ಆರಂಭದ ದರ 1,05,000 ಅಮೆರಿಕನ್ ಡಾಲರ್. ಕೊಂಡವರು ದ್ವೀಪದಲ್ಲಿ ಬಂದು ಬಾಳಬೇಕೆಂಬ ಕಟ್ಟುಪಾಡಿಲ್ಲ. ಸರ್ಕಾರ ಹೇಳುವ ಉದ್ದೇಶ ಇದು: ಕಡಲು ಏರುತ್ತಿದೆ, ಕರಾವಳಿಯ ಪಟ್ಟಿ ಉಳಿಯುವ ಭರವಸೆಯಿಲ್ಲ, ಆದ್ದರಿಂದ ಬಹುತೇಕ ಜನರನ್ನು ಟಾಪ್‌ಸೈಡಿಗೆ ಸಾಗಿಸಬೇಕು. ಅಂದರೆ ಕಂಬಗಳನ್ನು ಒಡೆದು, ಹೊಂಡ ತುಂಬಿಸಿ, ಮೇಲೆ ಮಣ್ಣು ಹಾಸಿ, ನೀರು, ವಿದ್ಯುತ್ತು, ರಸ್ತೆ ಏರಿಸಿ, ಆಮೇಲೆ ಮನೆ. ಆ ಮೇಲಿನ ನೆಲವೋ, ತಲೆಮಾರುಗಳಿಂದ ಪಾಲಾಗುತ್ತ ಬಂದು ಒಂದೊಂದು ತುಂಡಿಗೆ ಹತ್ತಾರು, ಕೆಲವೆಡೆ ನೂರಾರು ಒಡೆಯರು. ಬುಲ್ಡೋಜರ್ ಹತ್ತುವ ಮುನ್ನ ಅವರನ್ನೆಲ್ಲ ಕೂರಿಸಿ ಸಹಿ ಹಾಕಿಸಬೇಕು. ಹಿಂದಿನ ಸಲ ಅಗೆಯಲು ಬಂದವರು ಈ ತಾಪತ್ರಯ ಇಟ್ಟುಕೊಂಡಿರಲಿಲ್ಲ.