ಉಷ್ಣತೆ ಅಳೆಯುವಾಗ ಎಚ್ಚರವಿರಲಿ

ದೂರದಿಂದಲೇ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಉಷ್ಣಮಾಪಕಗಳು ಈಗ ಸುಲಭವಾಗಿ ದೊರೆಯುತ್ತವೆ. ಕೆಲವಕ್ಕೆ ಮುಟ್ಟಿಸಿ ಅಳೆಯುವ ಕಡ್ಡಿಯೂ ಇರುತ್ತದೆ. ಎರಡರ ಕೆಲಸವೂ ಬೇರೆ ಬೇರೆ ಎಂಬುದನ್ನು ಬೆಳೆಗಾರ ಬಂಧುಗಳು ಗಮನಿಸಬೇಕು.

ಇನ್‌ಫ್ರಾರೆಡ್ ಮಾಪಕ ಅಳೆಯುವುದು ಮೇಲ್ಮೈಯ ಶಾಖವನ್ನು ಮಾತ್ರ. ಕಾಫಿ ಹಣ್ಣಿನ ರಾಶಿ ಒಳಗೆ ಕಾವೇರಿದ್ದರೂ ಮೇಲ್ಪದರ ತಂಪಾಗಿರಬಹುದು. ಇಂಥಲ್ಲಿ ಕಡ್ಡಿಯನ್ನು ರಾಶಿಯೊಳಗೆ ತೂರಿಸಿ, ಅಂಕಿ ಸ್ಥಿರವಾದ ಮೇಲೆ ಓದಬೇಕು.

ಹೊಳೆಯುವ ಲೋಹದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಬೆಳಗಿದ ತಾಮ್ರದ ಹಂಡೆಯಾಗಲಿ, ಡ್ರೈಯರಿನ ಹೊಸ ತಗಡಿನ ಹೊಗೆಕೊಳವೆಯಾಗಲಿ ಸುಡುವಷ್ಟು ಕಾದಿದ್ದರೂ ಮಾಪಕ ಬಹಳ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಕೈಯಿಟ್ಟರೆ ಬೊಬ್ಬೆ ಖಂಡಿತ. ಮಸಿ ಹಿಡಿದ ಭಾಗಕ್ಕೆ ಗುರಿಯಿಟ್ಟರೆ ಅಂಕಿ ನಿಜಕ್ಕೆ ಹತ್ತಿರವಿರುತ್ತದೆ. ನಡುವೆ ಹಬೆ, ಹೊಗೆ ಇರಕೂಡದು.

ಕೆಂಪು ಚುಕ್ಕಿ ಗುರಿ ತೋರಿಸಲಷ್ಟೇ. 12:1 ಎಂದು ನಮೂದಿಸಿದ ಮಾಪಕ 12 ಅಡಿ ದೂರದಿಂದ 1 ಅಡಿ ಅಗಲದ ವೃತ್ತದ ಸರಾಸರಿಯನ್ನು ಕೊಡುತ್ತದೆ. ಚಿಕ್ಕ ಭಾಗವನ್ನು ಅಳೆಯಲು ಹತ್ತಿರ ಹೋಗಬೇಕು. ಈ ಚುಕ್ಕಿ ಲೇಸರ್ ಬೆಳಕಾದ್ದರಿಂದ ಯಾರ ಕಣ್ಣಿಗೂ ಬೀಳಬಾರದು. ಮಕ್ಕಳ ಕೈಗೆ ಕೊಡಲೇಬಾರದು.

ಮೋಟಾರಿನ ಮೈಯನ್ನು ದೂರದಿಂದಲೇ ಅಳೆಯಿರಿ. ವಿದ್ಯುತ್ ಹರಿಯುವ ತಂತಿಗೆ, ತಿರುಗುವ ಬೆಲ್ಟಿಗೆ ಕಡ್ಡಿ ಸೋಕಿಸಬಾರದು.

ಕಡ್ಡಿಯನ್ನು ಪರೀಕ್ಷಿಸಲು ಕರಗುತ್ತಿರುವ ಮಂಜುಗಡ್ಡೆಯ ಪುಡಿಯಲ್ಲಿಡಿ; 0 ಡಿಗ್ರಿ ಸೆಲ್ಸಿಯಸ್ ತೋರಬೇಕು. ಕುದಿಯುವ ನೀರಿನಲ್ಲಿ ಕರಾವಳಿಯಲ್ಲಾದರೆ 100, ಸಮುದ್ರಮಟ್ಟದಿಂದ 1000 ಮೀಟರ್ ಎತ್ತರದ ತೋಟದಲ್ಲಾದರೆ ಸುಮಾರು 97 ತೋರುತ್ತದೆ. ಇದು ಮಾಪಕದ ದೋಷವಲ್ಲ, ಎತ್ತರದ ಗುಣ.

ಕೆಲಸಗಾರರ ಕೈಗೆ ಮಾಪಕ ಕೊಡುವ ಮೊದಲು ಇಷ್ಟನ್ನು ತಪ್ಪದೆ ತಿಳಿಸಿಕೊಡಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.